ಬಾಕ್ಸಿಂಗ್ ಮತ್ತೆ ಟಿವಿಗೆ ಬರುತ್ತಾ? ಬಂದ್ರೆ ದುಡ್ಡು ಯಾರು ಯಾರಿಗೆ ಕೊಡ್ತಾರೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗೋ ಬಸ್ಸಲ್ಲಿ ಕೂತು ಕೇಳ್ತಿರೋರು, ಗೌರಿಬಿದನೂರಿನ ಟ್ರೈನಲ್ಲಿ ನಿಂತ್ಕೊಂಡೇ ಕೇಳ್ತಿರೋರು, ಶಿಡ್ಲಘಟ್ಟದಲ್ಲಿ ಹುಳಕ್ಕೆ ಸೊಪ್ಪು ಹಾಕ್ತಾ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಗಿಸ್ಕೊಂಡಿರೋರು, ಎಲ್ರಿಗೂ ಸ್ವಾಗತ.

ಇವತ್ತಿನ ವಿಷಯ ಬಾಕ್ಸಿಂಗ್. ಪ್ರೊಫೆಷನಲ್ ಬಾಕ್ಸಿಂಗ್. ಯಾರು ಯಾರಿಗೆ ಹೊಡೆದ್ರು ಅನ್ನೋದನ್ನ ಹೇಳೋಕೆ ನನಗಿಂತ ಚೆನ್ನಾಗಿ ಗೊತ್ತಿರೋರು ಬೇಕಾದಷ್ಟು ಜನ ಇದ್ದಾರೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಯಾರು ಯಾರಿಗೆ ದುಡ್ಡು ಕೊಟ್ರು ಅನ್ನೋ ಕಡೆಯಿಂದ ನೋಡ್ತೀನಿ.

ಈಗ ಯಾಕೆ ಈ ವಿಷಯ ಅಂದ್ರೆ, ಬಾಕ್ಸಿಂಗ್ ಮತ್ತೆ ಮನೆಮನೆಗೆ ಬರೋಕೆ ನೋಡ್ತಿದೆ. 2024ರ ನವೆಂಬರ್‌ನಲ್ಲಿ ಮೈಕ್ ಟೈಸನ್, ಜೇಕ್ ಪಾಲ್ ಫೈಟ್ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ನಿಮ್ಮಲ್ಲಿ ಎಷ್ಟೋ ಜನ ಬೆಳಗ್ಗೆ ಎದ್ದು ಫೋನಲ್ಲಿ ನೋಡಿರ್ತೀರಾ, ಮಧ್ಯದಲ್ಲಿ ಚಿತ್ರ ಸುತ್ತುತ್ತಾ ನಿಂತಿದ್ದೂ ನೆನಪಿರುತ್ತೆ. 2025ರ ಸೆಪ್ಟೆಂಬರ್‌ನಲ್ಲಿ ಕನೆಲೊ, ಕ್ರಾಫರ್ಡ್ ಫೈಟ್ ಕೂಡ ಅಲ್ಲೇ ಬಂತು. ಅದೇ ವರ್ಷ ಯುಎಫ್‌ಸಿ ನಡೆಸೋ ಕಂಪನಿಯವರು ಹೊಸ ಬಾಕ್ಸಿಂಗ್ ಸಂಸ್ಥೆ ಮಾಡಿ ಪ್ಯಾರಾಮೌಂಟ್ ಜೊತೆ ಒಪ್ಪಂದ ಮಾಡ್ಕೊಂಡ್ರು. ಎಕ್ಸ್‌ಟ್ರಾ ದುಡ್ಡು ಕೊಟ್ಟು ನೋಡೋ ಪೇ-ಪರ್-ವ್ಯೂ ಬಿಟ್ಟು, ಎಲ್ರೂ ನೋಡೋ ಕಡೆಗೆ ಬರೋಣ ಅನ್ನೋದು ಎಲ್ರ ಮಾತು.

ಒಳ್ಳೇ ಮಾತೇ. ಆದ್ರೆ ಇದೇ ಮಾತನ್ನ ಹತ್ತು ವರ್ಷದ ಹಿಂದೆ ಒಬ್ರು ಹೇಳಿದ್ರು, ರಾಶಿ ರಾಶಿ ದುಡ್ಡನ್ನೂ ಸುರಿದ್ರು. ಆ ಕಥೆ ಹೇಳ್ತೀನಿ. ಅದಕ್ಕೂ ಮೊದಲು ಒಂದು ಬೇಸಿಕ್ ಲೆಕ್ಕ.

ಮಾರೋನು ಯಾರು, ಕೊಳ್ಳೋನು ಯಾರು

ಒಂದು ಆಟ ಟಿವಿಗೆ ಬರೋಕೆ ಮುಖ್ಯವಾಗಿ ಎರಡು ದಾರಿ.

ಮೊದಲನೇದು, ಚಾನೆಲ್‌ನವರೇ ದುಡ್ಡು ಕೊಟ್ಟು ಆಟದ ಹಕ್ಕು ತಗೊಳ್ಳೋದು. ಇದನ್ನ ಅರ್ಥ ಮಾಡ್ಕೊಳ್ಳೋಕೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್‌ಗೆ ಬನ್ನಿ. ರೈತ ಗೂಡು ತಂದು ಹಾಕ್ತಾನೆ, ಲಾಟ್ ನಂಬರ್ ಬೀಳುತ್ತೆ, ರೀಲರ್‌ಗಳು ಹರಾಜಲ್ಲಿ ಕೂಗ್ತಾರೆ. ಈಗ ಫೋನಲ್ಲೇ ಕೂಗ್ತಾರೆ. ಹೆಚ್ಚು ಕೂಗಿದವರಿಗೆ ಗೂಡು. ಐಪಿಎಲ್ ನಡೆಯೋದು ಹೀಗೇ. 2023ರಿಂದ 2027ರವರೆಗಿನ ಐದು ಸೀಸನ್‌ಗೆ ಬಿಸಿಸಿಐಗೆ ಬಂದ ಬಿಡ್ 48,390 ಕೋಟಿ ರೂಪಾಯಿ. 410 ಮ್ಯಾಚ್ ಅಂತ ಭಾಗಿಸಿದ್ರೆ ಒಂದು ಮ್ಯಾಚಿಗೆ ಸುಮಾರು 118 ಕೋಟಿ. ಕೊಳ್ಳೋರು ಜಗಳ ಆಡ್ತಾರೆ, ಮಾರೋರು ಸುಮ್ನೆ ಕೂತಿರ್ತಾರೆ.

ಎರಡನೇದು ಉಲ್ಟಾ. ಆಟ ನಡೆಸೋನೇ ಚಾನೆಲ್‌ಗೆ ದುಡ್ಡು ಕೊಟ್ಟು ಟೈಮ್ ತಗೊಳ್ಳೋದು. ಬೆಳಗ್ಗೆ ಟಿವಿ ಹಾಕಿದ್ರೆ ಜ್ಯೋತಿಷ್ಯ ಹೇಳೋರು ಕೂತಿರ್ತಾರಲ್ಲ, ಕೆಳಗಡೆ ಫೋನ್ ನಂಬರ್ ಓಡ್ತಿರುತ್ತಲ್ಲ, ಅಂಥ ಎಷ್ಟೋ ಕಾರ್ಯಕ್ರಮ ನಡೆಯೋದು ಹೀಗೆ. ರಾತ್ರಿ ಹೊತ್ತು ಬರೋ ಟೆಲಿಶಾಪಿಂಗ್ ಕೂಡ ಹಾಗೇ. ಆ ಅರ್ಧ ಗಂಟೆಯನ್ನ ಅವರು ಬಾಡಿಗೆಗೆ ತಗೊಂಡಿರ್ತಾರೆ. ಜಾಹೀರಾತು ಬಂದ್ರೆ ಅವರ ಲಾಭ, ಬರದಿದ್ರೆ ಅವರ ನಷ್ಟ. ಚಾನೆಲ್‌ಗೆ ಬಾಡಿಗೆ ಬಂದಾಯ್ತು, ಅಷ್ಟೇ.

ಇಲ್ಲಿ ಇನ್ನೊಂದು ವಿಷಯ ಇದೆ. ಲೈವ್ ಆಟ ಅನ್ನೋದು ಹಸಿ ಗೂಡಿನ ಥರ. ಗೂಡನ್ನ ಹಾಗೇ ಇಟ್ರೆ ಹತ್ತು ಹನ್ನೆರಡು ದಿನಕ್ಕೆ ಒಳಗಿನ ಚಿಟ್ಟೆ ಗೂಡು ಕೊರ್ಕೊಂಡು ಹೊರಗೆ ಬರುತ್ತೆ, ಆಮೇಲೆ ನೂಲು ಬಿಚ್ಚೋಕಾಗಲ್ಲ. ಲೈವ್ ಫೈಟ್‌ಗೆ ಹತ್ತು ದಿನವೂ ಇಲ್ಲ. ಯಾರು ಗೆದ್ರು ಅಂತ ವಾಟ್ಸಾಪಲ್ಲಿ ಬಂದ ಕ್ಷಣವೇ ಅದರ ಬೆಲೆ ಬಿದ್ದುಹೋಗುತ್ತೆ. ಹಾಗಾಗಿ ಮಾರೋನಿಗೆ ಯಾವಾಗ್ಲೂ ಅವಸರ. ಕೊಳ್ಳೋರು ಇಬ್ರು ಮೂರು ಜನ ಇದ್ರೆ ಆ ಅವಸರ ಅವನಿಗೇ ಲಾಭ. ಕೊಳ್ಳೋರು ಒಬ್ರೇ ಆದ್ರೆ? ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್‌ಗೆ ಹಬ್ಬ ಮುಗಿದ ಮಾರನೇ ದಿನ ಹೋಗಿ ನೋಡಿ. ಸೇವಂತಿ ತಂದ ರೈತನ ಮುಖ ನೋಡಿದ್ರೆ ಗೊತ್ತಾಗುತ್ತೆ.

ಟಿವಿಗೆ ಹೇಳಿ ಮಾಡಿಸಿದ ಆಟ ಟಿವಿ ಬಿಟ್ಟು ಹೋಗಿದ್ದು

ಅಮೆರಿಕದಲ್ಲಿ ಟಿವಿ ಶುರುವಾದ ಕಾಲದಲ್ಲಿ ಬಾಕ್ಸಿಂಗ್ ರಾಜ ಆಗಿತ್ತು. ಕಾರಣ ಬಹಳ ಸಿಂಪಲ್. ಆಗಿನ ಕ್ಯಾಮೆರಾ ದೊಡ್ಡದು, ಭಾರ. ಫುಟ್‌ಬಾಲ್ ಮೈದಾನ ಹಿಡಿಯೋದು ಕಷ್ಟ. ರಿಂಗ್ ಚಿಕ್ಕದು, ಮೇಲೆ ಲೈಟು, ಒಳಗೆ ಇಬ್ಬರೇ. ಒಂದೆರಡು ಕ್ಯಾಮೆರಾ ಸಾಕು. ಜೊತೆಗೆ ಮೂರು ನಿಮಿಷ ಆಟ, ಒಂದು ನಿಮಿಷ ಬ್ರೇಕ್. ಆ ಒಂದು ನಿಮಿಷ ಜಾಹೀರಾತಿಗೆ ಅಂತಲೇ ಮಾಡಿದ ಹಾಗಿತ್ತು. 1940ರ ದಶಕದಿಂದ 1960ರವರೆಗೆ ಎನ್‌ಬಿಸಿ ಚಾನೆಲ್‌ನಲ್ಲಿ ಬಾಕ್ಸಿಂಗ್ ಬರ್ತಿತ್ತು, ಶುಕ್ರವಾರ ರಾತ್ರಿ ಅಂದ್ರೆ ಫೈಟ್ ಅನ್ನೋ ಹಾಗೆ. ದುಡ್ಡು ಹಾಕ್ತಿದ್ದದ್ದು ಜಿಲೆಟ್, ನಾವು ಗಡ್ಡ ಮಾಡ್ಕೊಳ್ತೀವಲ್ಲ, ಅದೇ ಬ್ಲೇಡ್ ಕಂಪನಿ. ಆಮೇಲೆ ಅದು ಎಬಿಸಿ ಚಾನೆಲ್‌ಗೆ ಹೋಗಿ 1964ಕ್ಕೆ ನಿಂತಿತು.

ಯಾಕೆ ಹೋಯ್ತು? ಮೂರು ಕಾರಣ ಹೇಳ್ತೀನಿ.

ಒಂದು, ಸಾವು. 1962ರ ಮಾರ್ಚ್‌ನಲ್ಲಿ ಬೆನ್ನಿ ಪರೆಟ್ ಅನ್ನೋ ಬಾಕ್ಸರ್ ಲೈವ್ ಟಿವಿಯಲ್ಲಿ ಏಟು ತಿಂದು ಬಿದ್ದ, ಕೆಲವು ದಿನದಲ್ಲಿ ತೀರಿಕೊಂಡ. 1982ರ ನವೆಂಬರ್ 13ರಂದು ಸಿಬಿಎಸ್ ಚಾನೆಲ್‌ನಲ್ಲಿ ರೇ ಮ್ಯಾನ್ಸಿನಿ ಜೊತೆ ಆಡಿದ ಕೊರಿಯಾದ ಡುಕ್ ಕೂ ಕಿಮ್ 14ನೇ ರೌಂಡಲ್ಲಿ ಬಿದ್ದ. ನಾಲ್ಕು ದಿನಕ್ಕೆ ಹೋದ. ಅದಾದ್ಮೇಲೆ ಡಬ್ಲ್ಯುಬಿಸಿ ಅನ್ನೋ ಸಂಸ್ಥೆ 15 ರೌಂಡ್ ಇದ್ದದ್ದನ್ನ 12ಕ್ಕೆ ಇಳಿಸ್ತು. ಮಧ್ಯಾಹ್ನ ಮಕ್ಕಳು ಮರಿ ಎಲ್ಲ ಕೂತು ನೋಡೋ ಟಿವಿಯಲ್ಲಿ ಹೀಗಾದ್ರೆ ಸೋಪು, ಬಿಸ್ಕತ್ತು ಮಾರೋ ಕಂಪನಿ ತನ್ನ ಹೆಸರನ್ನ ಅದರ ಪಕ್ಕ ಹಾಕೋಕೆ ಹಿಂದೆ ಮುಂದೆ ನೋಡುತ್ತೆ.

ಎರಡು, ನಂಬಿಕೆ. 1977ರಲ್ಲಿ ಎಬಿಸಿ ಚಾನೆಲ್ ಡಾನ್ ಕಿಂಗ್ ಅನ್ನೋ ಪ್ರೊಮೋಟರ್ ಜೊತೆ ಸೇರಿ ಒಂದು ದೊಡ್ಡ ಟೂರ್ನಮೆಂಟ್ ಮಾಡ್ತು. ಬಾಕ್ಸರ್‌ಗಳ ಗೆಲುವು ಸೋಲಿನ ದಾಖಲೆಯೇ ತಿದ್ದಿದ್ದು ಅಂತ ಹೊರಗೆ ಬಂತು. ಟೂರ್ನಮೆಂಟ್‌ನ ಅರ್ಧಕ್ಕೇ ನಿಲ್ಲಿಸಿದ್ರು. ಸುಳ್ಳು ಬ್ಯಾಲೆನ್ಸ್ ಶೀಟ್ ತೋರಿಸಿ ಶೇರು ಮಾರಿದ ಹಾಗೆ.

ಮೂರು, ದುಡ್ಡು. ಕೇಬಲ್ ಬಂತು, ಎಚ್‌ಬಿಒ ಬಂತು, ಆಮೇಲೆ ಪೇ-ಪರ್-ವ್ಯೂ ಬಂತು. 2015ರ ಮೇ 2ರಂದು ನಡೆದ ಮೇವೆದರ್, ಪ್ಯಾಕಿಯಾವ್ ಫೈಟ್‌ನ ಅಮೆರಿಕದಲ್ಲಿ ಸುಮಾರು 46 ಲಕ್ಷ ಮನೆಯವರು ದುಡ್ಡು ಕೊಟ್ಟು ನೋಡಿದ್ರು, ಎಚ್‌ಡಿಗೆ ಸುಮಾರು 100 ಡಾಲರ್. ಒಂದು ರಾತ್ರಿಗೆ ಅಷ್ಟು ಬರೋದಾದ್ರೆ ಫ್ರೀ ಟಿವಿಗೆ ಯಾರು ಬರ್ತಾರೆ? ಆದ್ರೆ ಇದರಲ್ಲೊಂದು ಎಡವಟ್ಟಿದೆ. ದುಡ್ಡು ಕೊಡೋರು ಈಗಾಗ್ಲೇ ಅಭಿಮಾನಿ ಆದವರು. ಹೊಸ ಹುಡುಗ ಹುಡುಗಿಯರು ಎಲ್ಲಿಂದ ಬರ್ತಾರೆ? ಬೀಜದ ಗೂಡನ್ನೂ ರೀಲಿಂಗ್‌ಗೆ ಮಾರ್ಬಿಟ್ರೆ ಮುಂದಿನ ಬೆಳೆಗೆ ಮೊಟ್ಟೆ ಎಲ್ಲಿಂದ ತರ್ತೀರಾ?

2015ರ ದೊಡ್ಡ ಪ್ರಯೋಗ

ಈಗ ಆ ಕಥೆ. ಆಲ್ ಹೇಮನ್ ಅಂತ ಒಬ್ರು. ಹಾರ್ವರ್ಡಲ್ಲಿ ಓದಿದವರು, ಮೊದಲು ಸಂಗೀತ ಕಾರ್ಯಕ್ರಮ ನಡೆಸ್ತಿದ್ದವರು, ಆಮೇಲೆ ಮೇವೆದರ್ ಥರದ ಬಾಕ್ಸರ್‌ಗಳ ಸಲಹೆಗಾರ. ಬಾಕ್ಸಿಂಗ್‌ನ ಮತ್ತೆ ಫ್ರೀ ಟಿವಿಗೆ ತರ್ತೀನಿ ಅಂತ ಹೊರಟ್ರು. ಸಂಸ್ಥೆ ಹೆಸರು ಪ್ರೀಮಿಯರ್ ಬಾಕ್ಸಿಂಗ್ ಚಾಂಪಿಯನ್ಸ್, ಪಿಬಿಸಿ.

ಚಾನೆಲ್‌ನವರು ಹಕ್ಕಿಗೆ ದುಡ್ಡು ಕೊಡಲ್ಲ ಅಂದ್ರು. ಸರಿ, ನಾನೇ ಕೊಡ್ತೀನಿ ಅಂದ್ರು ಹೇಮನ್. ಎರಡನೇ ದಾರಿ. ಟೈಮ್ ಬಾಡಿಗೆ. ಆಗಿನ ವರದಿಗಳ ಪ್ರಕಾರ ಎನ್‌ಬಿಸಿಯ 20 ಶೋಗೆ ಸುಮಾರು 2 ಕೋಟಿ ಡಾಲರ್. ಎನ್‌ಬಿಸಿ ಒಂದೇ ಅಲ್ಲ, ಸಿಬಿಎಸ್, ಫಾಕ್ಸ್, ಇಎಸ್‌ಪಿಎನ್, ಸ್ಪೈಕ್, ಎಲ್ಲ ಕಡೆ ಜಾಗ ತಗೊಂಡ್ರು. ದುಡ್ಡು ಬಂದದ್ದು ವಾಡೆಲ್ ಅಂಡ್ ರೀಡ್ ಅನ್ನೋ ಹೂಡಿಕೆ ಕಂಪನಿಯ ಫಂಡ್‌ಗಳಿಂದ. ಸಾಮಾನ್ಯ ಜನ ಉಳಿತಾಯಕ್ಕೆ ಅಂತ ಹಾಕಿದ ಮ್ಯೂಚುವಲ್ ಫಂಡ್ ದುಡ್ಡು ಕಣ್ರೀ, ಅದು ಹೋಗಿ ರಿಂಗಲ್ಲಿ ಕೂತಿತ್ತು.

2015ರ ಮಾರ್ಚ್ 7. ಲಾಸ್ ವೇಗಸ್. ಕೀತ್ ಥರ್ಮನ್, ರಾಬರ್ಟ್ ಗೆರೆರೋ. ಎನ್‌ಬಿಸಿಯಲ್ಲಿ 1985ರ ನಂತರ ಮೊದಲ ಪ್ರೈಮ್ ಟೈಮ್ ಬಾಕ್ಸಿಂಗ್. ಸಿನಿಮಾಗಳಿಗೆ ಸಂಗೀತ ಮಾಡೋ ಹಾನ್ಸ್ ಝಿಮ್ಮರ್ ಹತ್ರ ಥೀಮ್ ಮ್ಯೂಸಿಕ್ ಮಾಡಿಸಿದ್ರು. ರಿಂಗ್ ಸುತ್ತ ಜನಜಂಗುಳಿ ಇಲ್ಲ, ಬಾಕ್ಸರ್ ಹಿಂದೆ ಪಟಾಲಂ ಇಲ್ಲ, ಎಲ್ಲ ನೀಟು. ಸರಾಸರಿ ಸುಮಾರು 34 ಲಕ್ಷ ಜನ ನೋಡಿದ್ರು. ಬಾಕ್ಸಿಂಗ್ ಮಟ್ಟಿಗೆ ಚೆನ್ನಾಗಿತ್ತು.

ಆದ್ರೆ ಲೆಕ್ಕ ನೋಡಿ. ಟೈಮಿಗೆ ಬಾಡಿಗೆ ನೀವೇ ಕೊಟ್ರಿ. ಕ್ಯಾಮೆರಾ, ಲೈಟು, ಹಾಲ್ ನಿಮ್ಮದೇ. ಬಾಕ್ಸರ್‌ಗಳಿಗೆ ಫೀಸು, ಆ ದಿನ ಮುಖ್ಯ ಫೈಟ್‌ನ ಇಬ್ಬರಿಗೂ ತಲಾ ಹತ್ತು ಲಕ್ಷ ಡಾಲರ್‌ಗಿಂತ ಮೇಲೆ, ಅದೂ ನಿಮ್ಮದೇ. ಆದಾಯ ಅಂದ್ರೆ ಜಾಹೀರಾತು, ಟಿಕೆಟ್. ಜಾಹೀರಾತಿನವರು ಮೊದಲನೇ ವರ್ಷಕ್ಕೇ ಓಡಿ ಬರಲ್ಲ, ಎರಡು ಮೂರು ವರ್ಷ ಜನ ನೋಡ್ತಾರಾ ಅಂತ ಕಾಯ್ತಾರೆ. ಅಷ್ಟರವರೆಗೂ ಪ್ರತಿ ವಾರ ಖರ್ಚು. ಬಾವಿಗೆ ನೀರು ಬರೋ ಮುಂಚೆ ಮೋಟರ್‌ಗೆ ಕರೆಂಟ್ ಬಿಲ್ ಕಟ್ಟಿದ ಹಾಗೆ. ನಮ್ಮ ಕಡೆ ಬೋರ್‌ವೆಲ್ ಕೊರೆಸಿದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಕೊನೆಗೆ ಏನಾಯ್ತು? ಪೂರ್ತಿ ಮುಳುಗಲಿಲ್ಲ. 2018ರಲ್ಲಿ ಫಾಕ್ಸ್ ಚಾನೆಲ್ ಮತ್ತೆ ಒಪ್ಪಂದ ಮಾಡ್ಕೊಂಡಾಗ ಈ ಸಲ ಚಾನೆಲ್‌ನವರೇ ದುಡ್ಡು ಕೊಟ್ರು. ಮೂರು ವರ್ಷ ಬಾಡಿಗೆ ಕಟ್ಟಿದ್ಮೇಲೆ ಬಾಡಿಗೆ ಬರೋಕೆ ಶುರುವಾಯ್ತು. ಆದ್ರೆ ಅದೂ ಕೆಲವೇ ವರ್ಷ. ಅದೇ 2018ರ ಕೊನೆಗೆ ಎಚ್‌ಬಿಒ ಬಾಕ್ಸಿಂಗ್ ನಿಲ್ಲಿಸ್ತು. 2023ರ ಕೊನೆಗೆ ಶೋಟೈಮ್ ನಿಲ್ಲಿಸ್ತು. ಪಿಬಿಸಿ 2024ರಲ್ಲಿ ಅಮೆಜಾನ್ ಪ್ರೈಮ್‌ಗೆ ಹೋಯ್ತು. ಫ್ರೀ ಟಿವಿಗೆ ಅಂತ ಹೊರಟವರು ಕೊನೆಗೆ ಆ್ಯಪ್ ಒಳಗೆ ಬಂದು ಕೂತ್ರು.

91 ಸೆಕೆಂಡಿನ ಸಮಸ್ಯೆ

ಬಾಕ್ಸಿಂಗ್‌ಗೇ ಅಂಟಿಕೊಂಡ ಒಂದು ಸಮಸ್ಯೆ ಇದೆ, ಅದು ಕ್ರಿಕೆಟ್‌ಗಿಲ್ಲ. ಸಣ್ಣ ಲೆಕ್ಕ ಮಾಡೋಣ.

ಒಂದು ಸಂಜೆ 6 ಫೈಟ್ ಇಟ್ಟಿದ್ದೀರಿ ಅಂದ್ಕೊಳ್ಳಿ. ಒಂದೊಂದೂ 4 ರೌಂಡ್. ನಾಲ್ಕು ರೌಂಡಿನ ಮಧ್ಯೆ 3 ಬ್ರೇಕ್. ಒಟ್ಟು 18 ಬ್ರೇಕ್, 18 ನಿಮಿಷ. 20 ಸೆಕೆಂಡಿನ ಜಾಹೀರಾತು ಅಂದ್ರೆ 54 ಜಾಹೀರಾತಿಗೆ ಜಾಗ. ನೀವು ಮುಂಚೇನೇ 54 ಮಾರಿದ್ದೀರಿ. ಈಗ 3 ಫೈಟ್ ಮೊದಲನೇ ರೌಂಡಲ್ಲೇ ನಾಕೌಟ್ ಆಗಿ ಮುಗಿದ್ವು. ಜನ ಶಿಳ್ಳೆ ಹೊಡೀತಾರೆ, ಕ್ಲಿಪ್ ಶೇರ್ ಮಾಡ್ತಾರೆ. ನಿಮ್ಮ ಹತ್ರ ರೌಂಡ್ ಮಧ್ಯೆ ಉಳಿದದ್ದು ಬರೀ 27 ಜಾಹೀರಾತಿನ ಜಾಗ.

1988ರಲ್ಲಿ ಟೈಸನ್, ಸ್ಪಿಂಕ್ಸ್ ಫೈಟ್ 91 ಸೆಕೆಂಡಲ್ಲಿ ಮುಗಿದೋಯ್ತು. ಟೀ ಕಾಯಿಸೋ ಅಷ್ಟು ಹೊತ್ತೂ ಇಲ್ಲ. ಅದನ್ನ ನೋಡಿದವರು ಸಾಯೋವರೆಗೂ ಮರೆಯಲ್ಲ, ಆದ್ರೆ ಜಾಹೀರಾತು ಮಾರೋನು ತಲೆ ಮೇಲೆ ಕೈ ಹೊತ್ಕೊಂಡು ಕೂರ್ತಾನೆ. ಕ್ರಿಕೆಟಲ್ಲಿ ಆರು ಬಾಲ್‌ಗೊಂದು ಬ್ರೇಕ್ ಇದ್ದೇ ಇರುತ್ತೆ, ವಿಕೆಟ್ ಬಿದ್ರೆ ಇನ್ನೊಂದು ಬೋನಸ್. ಕ್ರಿಕೆಟಲ್ಲಿ ರೋಚಕ ಆದಷ್ಟೂ ಜಾಹೀರಾತು ಹೆಚ್ಚು, ಬಾಕ್ಸಿಂಗಲ್ಲಿ ರೋಚಕ ಆದಷ್ಟೂ ಕಡಿಮೆ. ಹಾಗಾಗಿ ಮಧ್ಯೆ ಮಧ್ಯೆ ಮಾತು, ಸಂದರ್ಶನ, ಬಾಕ್ಸರ್ ಮನೆ ಕಥೆ ಎಲ್ಲ ತುಂಬಿಸ್ತಾರೆ.

ನಮ್ಮ ದೇಶದಲ್ಲಿ ಆಗಿದ್ದು

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವಿಜೇಂದರ್ ಸಿಂಗ್ ಕಂಚು ಗೆದ್ರು, ಬಾಕ್ಸಿಂಗಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಪದಕ. 2015ರಲ್ಲಿ ಅವರು ಪ್ರೊ ಆದ್ರು. 2016ರ ಜುಲೈ 16ರಂದು ದೆಹಲಿಯ ತ್ಯಾಗರಾಜ ಸ್ಟೇಡಿಯಂನಲ್ಲಿ ಕೆರಿ ಹೋಪ್ ವಿರುದ್ಧ ಗೆದ್ರು. ದೇಶದ ಪೇಪರ್‌ಗಳ ಮುಖಪುಟದಲ್ಲಿ ಪ್ರೊ ಬಾಕ್ಸಿಂಗ್ ಬಂತು.

ಅದನ್ನ ನೋಡಿ 2017ರಲ್ಲಿ ಸೂಪರ್ ಬಾಕ್ಸಿಂಗ್ ಲೀಗ್ ಶುರುವಾಯ್ತು. ಬ್ರಿಟನ್‌ನ ಬಾಕ್ಸರ್ ಅಮೀರ್ ಖಾನ್ ಜೊತೆಗಿದ್ರು, ಸೋನಿ ಚಾನೆಲ್‌ನಲ್ಲಿ ಬಂತು. ಸಿನಿಮಾದವರು ಟೀಮ್ ತಗೊಂಡ್ರು. ನಮ್ಮ ಕಡೆ ಬಹಳ ಜನಕ್ಕೆ ಇಷ್ಟವಾದ ರಾಣಾ ದಗ್ಗುಬಾಟಿ ಅವರದ್ದೂ ಒಂದು ಟೀಮ್ ಇತ್ತು, ಹೆಸರು ಬಾಹುಬಲಿ ಬಾಕ್ಸರ್ಸ್. 2019ರ ಡಿಸೆಂಬರ್‌ನಲ್ಲಿ ಬಿಗ್ ಬೌಟ್ ಲೀಗ್ ಬಂತು, ಸ್ಟಾರ್ ಸ್ಪೋರ್ಟ್ಸ್‌ನಲ್ಲಿ. ಆರು ಟೀಮ್. ನಮ್ಮದೂ ಒಂದಿತ್ತು, ಬೆಂಗಳೂರು ಬ್ರಾಲರ್ಸ್. ಗೆದ್ದದ್ದು ಗುಜರಾತ್. ಮರುವರ್ಷ ಕೋವಿಡ್ ಬಂತು, ರಿಂಗ್ ಬಿಚ್ಚಿಟ್ರು. ಬೆಂಗಳೂರು ಬ್ರಾಲರ್ಸ್ ಅನ್ನೋ ಹೆಸರು ಈಗ ಎಷ್ಟು ಜನಕ್ಕೆ ನೆನಪಿದೆ? ಕೈ ಎತ್ತಿ ಅಂದ್ರೆ ಒಂದು ಕೈನೂ ಏಳಲ್ಲ.

ಅದೇ 2019ರಲ್ಲಿ ಕಿಚ್ಚ ಸುದೀಪ್ ಅವರ ಪೈಲ್ವಾನ್ ಬಂತು. ಗರಡಿಮನೆ ಹುಡುಗ ಗ್ಲೌಸ್ ಹಾಕೋ ಕಥೆ. ಥಿಯೇಟರ್‌ನಲ್ಲಿ ಗುದ್ದಿಗೆ ಶಿಳ್ಳೆ ಹೊಡೆಯೋ ಜನ ನಮ್ಮಲ್ಲಿ ಇದ್ದಾರೆ. ಹಾಗಾದ್ರೆ ಲೀಗ್ ಯಾಕೆ ನಿಲ್ಲಲಿಲ್ಲ?

ಪಕ್ಕದಲ್ಲಿ ಕಬಡ್ಡಿ ಇಟ್ಟು ನೋಡಿ. ಪ್ರೊ ಕಬಡ್ಡಿ ಶುರುವಾಗಿದ್ದು 2014ರ ಜುಲೈ 26ಕ್ಕೆ. ಮರುವರ್ಷ ಸ್ಟಾರ್‌ನವರು ಲೀಗ್ ನಡೆಸೋ ಕಂಪನಿಯಲ್ಲೇ 74 ಪರ್ಸೆಂಟ್ ಪಾಲು ತಗೊಂಡ್ರು. ಅಂದ್ರೆ ಗೂಡು ಬೆಳೆಯೋನೂ ಅವನೇ, ರೀಲ್ ಮಾಡೋನೂ ಅವನೇ. ಆಟ ಬೆಳೆಯದಿದ್ರೆ ಅವರಿಗೇ ನಷ್ಟ, ಹಾಗಾಗಿ ತಾಳ್ಮೆ ಇತ್ತು. ದಿನಾ ರಾತ್ರಿ ಹೆಚ್ಚುಕಡಿಮೆ ಅದೇ ಟೈಮು. 40 ನಿಮಿಷದ ಆಟ, 30 ಸೆಕೆಂಡಿನ ರೈಡ್. ಯಾರೇ ಗೆಲ್ಲಲಿ, ಆಟ ಪೂರ್ತಿ ನಡೆದೇ ನಡೆಯುತ್ತೆ, 91 ಸೆಕೆಂಡಿಗೆ ಮುಗಿಯಲ್ಲ. 2018ರ ಕೊನೆಗೆ ಸ್ಟಾರ್ ಸ್ಪೋರ್ಟ್ಸ್ ಕನ್ನಡ ಬಂತು. 2019ರ ಜನವರಿ 5ಕ್ಕೆ ಬೆಂಗಳೂರು ಬುಲ್ಸ್ ಕಪ್ ಗೆದ್ದಾಗ ಊರೂರಲ್ಲಿ ಪಟಾಕಿ ಹೊಡೆದ್ರು.

ಇನ್ನೊಂದು ದೊಡ್ಡ ವ್ಯತ್ಯಾಸ. ಕಬಡ್ಡಿಯಲ್ಲಿ ಆಟಗಾರ ಬೇರೆ ಟೀಮಿಗೆ ಹೋದ್ರೂ ನಾವು ಬುಲ್ಸ್ ಕಡೆನೇ. ಬಾಕ್ಸಿಂಗಲ್ಲಿ ಜನ ಹಿಡ್ಕೊಳ್ಳೋದು ಒಬ್ಬ ವ್ಯಕ್ತಿಯನ್ನ. ಅವನು ಸೋತ ದಿನ ಅಂಗಡಿ ಬಾಗಿಲು ಅರ್ಧ ಮುಚ್ಚುತ್ತೆ. ವಿಜೇಂದರ್ 12 ಫೈಟ್ ಒಂದೂ ಸೋಲದೆ ಗೆದ್ದಿದ್ರು. 2021ರ ಮಾರ್ಚ್‌ನಲ್ಲಿ ಗೋವಾದಲ್ಲಿ ಹಡಗಿನ ಮೇಲೆ ನಡೆದ ಫೈಟಲ್ಲಿ ಮೊದಲ ಸಲ ಸೋತ್ರು. ಅದಕ್ಕೇ ಪ್ರೊಮೋಟರ್‌ಗಳು ತಮ್ಮ ಸ್ಟಾರ್‌ನ ಗಟ್ಟಿ ಎದುರಾಳಿಗೆ ಬಿಡೋಕೆ ಹೆದರ್ತಾರೆ. ಮೇವೆದರ್, ಪ್ಯಾಕಿಯಾವ್ ಫೈಟ್ ಮಾತು 2009ರಲ್ಲಿ ಶುರುವಾಗಿ 2015ಕ್ಕೆ ನಡೀತು. ಒಳ್ಳೇ ಫೈಟ್ ಬೇಕಾದ್ರೆ ಸ್ಟಾರ್ ಸೋಲಬಹುದು, ಸ್ಟಾರ್ ಉಳೀಬೇಕಾದ್ರೆ ಒಳ್ಳೇ ಫೈಟ್ ನಡೆಯಲ್ಲ.

ಅದ್ರ ಮೇಲೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಗೇಮ್‌ಗಳನ್ನ ನಿಷೇಧಿಸೋ ಕಾನೂನು ತಂತು. ಡ್ರೀಮ್11 ಭಾರತ ಕ್ರಿಕೆಟ್ ಟೀಮಿನ ಜೆರ್ಸಿಯಿಂದಲೇ ಹೊರಗೆ ಹೋಯ್ತು. ಆ ಕಾನೂನು ಬೇಕಿತ್ತಾ ಬೇಡ್ವಾ ಅನ್ನೋದು ಬೇರೆ ಚರ್ಚೆ. ಲೆಕ್ಕದ ಪ್ರಕಾರ ಹೇಳೋದಾದ್ರೆ, ಆಟಗಳಿಗೆ ದುಡ್ಡು ಸುರೀತಿದ್ದ ಒಂದು ದೊಡ್ಡ ಕೈ ಹಿಂದಕ್ಕೆ ಹೋಯ್ತು. ಕ್ರಿಕೆಟ್‌ಗೆ ಬೇರೆಯವರು ಸಿಕ್ತಾರೆ, ಸಿಕ್ಕಿದ್ರು ಕೂಡ. ಸಣ್ಣ ಆಟಕ್ಕೆ ಅಷ್ಟು ಸುಲಭ ಅಲ್ಲ.

ಗೌರಿಬಿದನೂರಿನ ಅಮ್ಮ ಕೇಳಿದ ಪ್ರಶ್ನೆ

ಇಷ್ಟೆಲ್ಲ ಲೆಕ್ಕ ಯಾಕೆ ಹೇಳಿದೆ ಅಂದ್ರೆ, ಇದು ನಮ್ಮ ಊರಿಗೂ ಬಂದಿದೆ.

ಗೌರಿಬಿದನೂರು ಹತ್ರದ ಒಂದು ಹಳ್ಳಿ ಹುಡುಗ, ನನಗೆ ತಮ್ಮನ ಥರ. ಹತ್ತೊಂಬತ್ತು ವರ್ಷ. ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡ್ಕೊಂಡು ಬೆಳಗ್ಗೆ ಬಾಕ್ಸಿಂಗ್ ಕಲೀತಾನೆ. ಅವನಿಗೆ ಒಬ್ಬ ಆಯೋಜಕರಿಂದ ಫೋನ್ ಬಂತು. ಪ್ರೊ ಫೈಟ್, ಟಿವಿಯಲ್ಲಿ ಲೈವ್, ರಿಜಿಸ್ಟ್ರೇಷನ್ ಮತ್ತು ಪ್ರಸಾರದ ಖರ್ಚು ಅಂತ ₹25,000 ಕಟ್ಟಬೇಕು, ಜೊತೆಗೆ ಐವತ್ತು ಟಿಕೆಟ್ ಮಾರಿಸಬೇಕು. ಅವನು ಮನೇಲಿ ಕೇಳ್ದ. ಅವರಮ್ಮ ನನಗೆ ಫೋನ್ ಮಾಡಿದ್ರು.

"ನೀನು ಓದ್ಕೊಂಡಿರೋನು, ಒಂದು ಮಾತು ಹೇಳಪ್ಪ," ಅಂದ್ರು. "ಟಿವಿಯವರು ನಮ್ಮ ಹುಡುಗನಿಗೆ ದುಡ್ಡು ಕೊಡ್ತಾರಾ, ಇಲ್ಲ ನಾವೇ ಅವರಿಗೆ ಕೊಡ್ಬೇಕಾ?"

ಈ ಸಂಚಿಕೆಯಲ್ಲಿ ನಾನು ಇಷ್ಟು ಹೊತ್ತು ಹೇಳಿದ್ದನ್ನ ಅವರು ಒಂದೇ ವಾಕ್ಯದಲ್ಲಿ ಕೇಳಿದ್ರು. ಎನ್‌ಬಿಸಿ ಆಫೀಸಲ್ಲೂ ಇದೇ ಪ್ರಶ್ನೆ, ಸ್ಟಾರ್ ಆಫೀಸಲ್ಲೂ ಇದೇ ಪ್ರಶ್ನೆ.

"ಅಮ್ಮಾ, ಅವರೇ ಟಿವಿಗೆ ದುಡ್ಡು ಕಟ್ಟಿ ಟೈಮ್ ತಗೊಂಡಿರಬಹುದು. ಆ ದುಡ್ಡನ್ನ ಹುಡುಗರ ಹತ್ರ ವಸೂಲಿ ಮಾಡ್ತಿರಬಹುದು," ಅಂದೆ.

"ಹಂಗಾದ್ರೆ ಏಟು ತಿನ್ನೋನೂ ಇವನೇ, ದುಡ್ಡು ಕಟ್ಟೋನೂ ಇವನೇನಾ?"

ನನ್ನ ಹತ್ರ ಅದಕ್ಕೆ ಉತ್ತರ ಇರಲಿಲ್ಲ. ಹುಡುಗ ಆ ಆಯೋಜಕರಿಗೆ ಫೋನ್ ಮಾಡಿ, ಯಾವ ಚಾನೆಲ್, ಡಾಕ್ಟರ್ ಯಾರು, ಇನ್ಶೂರೆನ್ಸ್ ಇದೆಯಾ ಅಂತ ಮೂರು ಪ್ರಶ್ನೆ ಕೇಳ್ದ. ಮೂರಕ್ಕೂ "ಆಮೇಲೆ ಹೇಳ್ತೀವಿ" ಅಂದ್ರು. ಇವನು ದುಡ್ಡು ಕಟ್ಟಲಿಲ್ಲ. ಒಂದು ವಾರ ಯಾರ ಹತ್ರಾನೂ ಮಾತಾಡಲಿಲ್ಲ ಅಂತ ಅವರಮ್ಮ ಹೇಳಿದ್ರು. ಟಿವಿಯಲ್ಲಿ ಬರೋ ಆಸೆ ಸಣ್ಣದಲ್ಲ, ಅದನ್ನ ನಾನು ಹಗುರವಾಗಿ ಮಾತಾಡಲ್ಲ. ಈಗ ಮತ್ತೆ ಬೆಳಗ್ಗೆ ಐದೂವರೆಗೆ ಪ್ರಾಕ್ಟೀಸ್‌ಗೆ ಹೋಗ್ತಿದ್ದಾನೆ.

ನಿಮಗೆ ಫೋನ್ ಬಂದ್ರೆ ಏನು ಕೇಳ್ಬೇಕು

ಈ ನಾಲ್ಕು ತಾಲೂಕಲ್ಲಿ ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಎಂಎಂಎ ಕಲೀತಿರೋ ಹುಡುಗ ಹುಡುಗಿಯರು ಇದನ್ನ ಕೇಳ್ತಿದ್ರೆ, ಐದು ಪ್ರಶ್ನೆ ಬರ್ಕೊಳ್ಳಿ.

ಒಂದು. ಯಾವ ಚಾನೆಲ್, ಯಾವ ದಿನ, ಎಷ್ಟು ಗಂಟೆಗೆ? ಲೈವಾ, ಆಮೇಲೆ ಹಾಕ್ತಾರಾ? ಬರೀ ಯೂಟ್ಯೂಬ್ ಆದ್ರೆ ಯೂಟ್ಯೂಬ್ ಅಂತಲೇ ಹೇಳಲಿ, ಅದರಲ್ಲಿ ಅವಮಾನ ಏನಿಲ್ಲ.

ಎರಡು. ಚಾನೆಲ್ ದುಡ್ಡು ಕೊಡ್ತಿದೆಯಾ, ಆಯೋಜಕರು ಚಾನೆಲ್‌ಗೆ ಕೊಡ್ತಿದ್ದಾರಾ? ಟೈಮ್ ಬಾಡಿಗೆಗೆ ತಗೊಳ್ಳೋದು ಮೋಸ ಅಲ್ಲ, ಹೇಮನ್ ಕೂಡ ಅದನ್ನೇ ಮಾಡಿದ್ದು. ಆದ್ರೆ ಹೇಮನ್ ಆ ಖರ್ಚನ್ನ ಹೂಡಿಕೆದಾರರ ದುಡ್ಡಲ್ಲಿ ಮಾಡಿದ್ರು, ಬಾಕ್ಸರ್ ಜೇಬಿಂದ ತೆಗೀಲಿಲ್ಲ. ಬಾಕ್ಸರ್‌ಗೆ ಚೆನ್ನಾಗಿಯೇ ಕೊಟ್ರು.

ಮೂರು. ರಿಂಗ್ ಪಕ್ಕ ಡಾಕ್ಟರ್, ಹೊರಗೆ ಆಂಬುಲೆನ್ಸ್, ಇನ್ಶೂರೆನ್ಸ್ ಪೇಪರ್. ಮೂರೂ ಇಲ್ಲದಿದ್ರೆ ಗ್ಲೌಸ್ ಹಾಕಲೇಬೇಡಿ. ತಲೆಗೆ ಬಿದ್ದ ಏಟು ಆ ಹೊತ್ತಿಗೆ ಕಾಣದೆಯೂ ಇರಬಹುದು. 1982ರ ಕಿಮ್ ಕಥೆ ನೆನಪಿಟ್ಕೊಳ್ಳಿ.

ನಾಲ್ಕು. ಎದುರಾಳಿ ಯಾರು? ಅವನ ತೂಕ ಎಷ್ಟು, ಎಷ್ಟು ಫೈಟ್ ಆಡಿದ್ದಾನೆ? ಒಬ್ಬ ಸ್ಟಾರ್‌ನ ದಾಖಲೆ ಚೆನ್ನಾಗಿ ಕಾಣೋಕೆ ಸೋಲೋಕೆ ಅಂತಲೇ ಒಬ್ಬ ಬೇಕಾಗ್ತಾನೆ. ಆ ಒಬ್ಬ ನೀವಾ ಅಂತ ಮೊದಲೇ ತಿಳ್ಕೊಳ್ಳಿ.

ಐದು. ಮುಂದಿನ ಫೈಟ್ ಯಾವಾಗ? ಇದನ್ನ ಯಾರೂ ಕೇಳಲ್ಲ. ಒಂದು ಸಲ ಟಿವಿಯಲ್ಲಿ ಬಂದ್ರೆ ಸ್ಟೇಟಸ್ ಹಾಕ್ಕೋಬಹುದು. ವರ್ಷಕ್ಕೆ ನಾಲ್ಕೈದು ಸಲ ಆಡಿದ್ರೆ ಮಾತ್ರ ಅದು ಕಸುಬು.

ಇದರ ಜೊತೆ ಇನ್ನೊಂದು. ಒಲಿಂಪಿಕ್ ಬಾಕ್ಸಿಂಗ್ ದಾರಿ ಮುಚ್ಚಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಇರುತ್ತೆ ಅಂತ 2025ರ ಮಾರ್ಚ್‌ನಲ್ಲಿ ತೀರ್ಮಾನ ಆಯ್ತು. ನಿಜಾಮಾಬಾದ್‌ನ ನಿಖತ್ ಝರೀನ್ ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದು ಆ ದಾರಿಯಲ್ಲೇ. ಪ್ರೊ ಆಗೋದಾದ್ರೂ ಅಲ್ಲಿ ಹೆಸರು ಮಾಡಿ ಹೋದವರಿಗೆ ಬೆಲೆ ಬೇರೆ. ನಿಶಾಂತ್ ದೇವ್ 2024ರ ಪ್ಯಾರಿಸ್ ಒಲಿಂಪಿಕ್ಸ್ ಆಡಿ, 2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಮೊದಲ ಪ್ರೊ ಫೈಟ್ ಮಾಡಿ ಮೊದಲನೇ ರೌಂಡಲ್ಲೇ ಗೆದ್ರು.

ಹಾಗಾದ್ರೆ ಟಿವಿಗೆ ಬರುತ್ತಾ?

ನನ್ನ ಅಭಿಪ್ರಾಯ ಕೇಳಿದ್ರೆ, ಬರಬಹುದು, ಆದ್ರೆ ಮುಂಬಾಗಿಲಿಂದ ಬರಲ್ಲ. 2024ರ ಜನವರಿ 18ರಂದು ನಮ್ಮ ಮುದ್ದೇನಹಳ್ಳಿಗೆ ಸಚಿನ್, ಯುವರಾಜ್ ಬಂದು ಆಡಿದ್ರು. ಜನ ಬಂದದ್ದು ಆ ಹೆಸರುಗಳಿಗೆ. ಬಾಕ್ಸಿಂಗ್‌ಗೆ ಅಂಥ ಹೆಸರು ಮೊದಲು ಹುಟ್ಟಬೇಕು, ಮತ್ತೆ ಮತ್ತೆ ಕಾಣಬೇಕು, ನಮ್ಮ ಭಾಷೆಯಲ್ಲಿ ಅವರ ಕಥೆ ಕೇಳಿಸಬೇಕು. ಈಗ ಹಳ್ಳಿ ಟೆನಿಸ್ ಬಾಲ್ ಟೂರ್ನಮೆಂಟ್‌ನ ಫೋನಲ್ಲೇ ಯೂಟ್ಯೂಬ್ ಲೈವ್ ಮಾಡ್ತಾರೆ, ಕನ್ನಡ ತೆಲುಗು ಬೆರೆಸಿ ಕಾಮೆಂಟರಿ ಕೊಡ್ತಾರೆ, ಊರು ಬಿಟ್ಟು ಹೋದವರು ಅಲ್ಲಿಂದ್ಲೇ ನೋಡ್ತಾರೆ. ಬಾಕ್ಸಿಂಗ್ ಕೂಡ ಹಾಗೇ ಚಿಕ್ಕದಾಗಿ, ಪ್ರತಿ ತಿಂಗಳು ಅದೇ ದಿನ, ಅದೇ ಟೈಮಿಗೆ ಶುರುವಾದ್ರೆ ನೋಡೋರು ಸೇರ್ತಾರೆ. ನೋಡೋರು ಸೇರಿದ್ರೆ ಚಾನೆಲ್‌ನವರು ಅವರೇ ಹುಡುಕ್ಕೊಂಡು ಬರ್ತಾರೆ. ಮಾರ್ಕೆಟಲ್ಲಿ ಒಳ್ಳೇ ಗೂಡು ಬಂದಿದೆ ಅಂತ ಗೊತ್ತಾದ್ರೆ ರೀಲರ್‌ಗೆ ಯಾರೂ ಹೋಗಿ ಹೇಳ್ಬೇಕಾಗಿಲ್ಲ.

ಅಲ್ಲಿವರೆಗೂ ಆಯೋಜಕರಿಗೆ ನನ್ನದೊಂದೇ ಮನವಿ. ನಷ್ಟ ಆಗೋದಾದ್ರೆ ಅದು ನಿಮ್ಮ ಲೆಡ್ಜರ್‌ನಲ್ಲಿ ಇರಲಿ. ಏಟು ತಿನ್ನೋ ಹುಡುಗರ ಖಾತೆಗೆ ಹಾಕ್ಬೇಡಿ.

ಮುಂದಿನ ಸಂಚಿಕೆಯಲ್ಲಿ ಟೊಮೆಟೊ ರೇಟಿನ ಬಗ್ಗೆ ಮಾತಾಡೋಣ, ಚಿಂತಾಮಣಿಯಿಂದ ಬಹಳ ಜನ ಕೇಳಿದ್ದೀರಾ. ಬಾಕ್ಸಿಂಗ್ ಕಲೀತಿರೋ ಯಾರಾದ್ರೂ ನಿಮಗೆ ಗೊತ್ತಿದ್ರೆ, ಆ ಐದು ಪ್ರಶ್ನೆ ಇರೋ ಭಾಗವನ್ನಾದ್ರೂ ಅವರಿಗೆ ಕಳ್ಸಿ. ಸಿಗೋಣ.